ಹಳೆಯ ಎಂಜಿನ್ನಿಗೆ ಹೊಸ ಬಲ

ಮುಂಡಗೋಡ ತಾಲೂಕಿನ ಚಿಗಳ್ಳಿಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ಮನೆಯಿದೆ. ಮನೆಯ ಮುಂದಿನ ಮಾಡಿನ ಕೆಳಗೆ, ಅವನ ತಂದೆ ೧೯೮೦ರ ದಶಕದಲ್ಲಿ ಕೊಂಡ ಯೆಜ್ಡಿ ರೋಡ್‌ಕಿಂಗ್ ಮೋಟಾರುಸೈಕಲ್ಲು ಇಂದಿಗೂ ನಿಂತಿದೆ. ತಂದೆ ಈಗಿಲ್ಲ. ಅವರು ಮೂವತ್ತು ವರ್ಷಕ್ಕೂ ಮಿಕ್ಕಿ ಓಡಿಸಿದ ಆ ವಾಹನವನ್ನು ಮಾರಲು ಮಗನಿಗೆ ಮನಸ್ಸು ಬರಲಿಲ್ಲ. ಉಳಿಸಿಕೊಂಡುದಲ್ಲದೆ, ಅದರ ಬಲವನ್ನು ಹೆಚ್ಚಿಸಬೇಕೆಂಬ ಆಸೆಯೂ ಅವನಿಗಾಯಿತು. ಗಾಳಿಯ ಫಿಲ್ಟರನ್ನು ಕಿತ್ತನು. ಸೈಲೆನ್ಸರಿನ ಒಳಭಾಗವನ್ನು ಕೊಯ್ಯಿಸಿದನು. ಕಿಡಿ ಹಾರುವ ಕಾಲವನ್ನು ಸ್ವಲ್ಪ ಮುಂದಕ್ಕೆ ತಂದನು. ಎರಡು ವಾರ ಗಾಡಿ ಬಾಣದಂತೆ ಹೋಯಿತೆಂದು ಅವನೇ ನಮಗೆ ಹೇಳಿದನು. ಮೂರನೆಯ ವಾರ ಗೆಳೆಯನನ್ನು ಹಿಂದೆ ಕೂರಿಸಿಕೊಂಡು, ಯಲ್ಲಾಪುರದ ಮಾರ್ಗವಾಗಿ ಅಂಕೋಲೆಗೆ ಇಳಿದು, ಮರಳಿ ಅರಬೈಲು ಘಟ್ಟವನ್ನು ಏರುತ್ತಿದ್ದಾಗ ಎಂಜಿನು ಒಮ್ಮೆ ಕಿರುಗುಟ್ಟಿ ನಿಂತುಬಿಟ್ಟಿತು. ಹಿಂದಿನ ಚಕ್ರ ಉರುಳದೆ ಎಳೆದುಕೊಂಡು ಹೋಯಿತು. ಹಿಂದೆ ಬರುತ್ತಿದ್ದ ಲಾರಿಯ ಚಾಲಕನು ಎಚ್ಚರದಿಂದಿದ್ದುದರಿಂದ ಇಬ್ಬರೂ ಉಳಿದರು.

“ಎಂಜಿನ್ ಹಿಡಕೊಂಡುಬಿಡ್ತ್ರಿ ಸರ” ಎಂದು ಅವನು ಮರುದಿನ ನಮ್ಮಲ್ಲಿಗೆ ಬಂದನು. ಮುಂಡಗೋಡಿನ ವೃದ್ಧ ಮಿಸ್ತ್ರಿಯೊಬ್ಬರು ನಮ್ಮೆದುರಿಗೇ ಸಿಲಿಂಡರನ್ನು ಬಿಚ್ಚಿದರು. ಪಿಸ್ಟನ್ನಿನ ಮೈಮೇಲೆ ಉದ್ದುದ್ದವಾಗಿ ಕೆರೆದ ಗೆರೆಗಳು. ಮಿಸ್ತ್ರಿಯವರು ಸ್ಪಾರ್ಕ್ ಪ್ಲಗ್ಗನ್ನು ಬೆಳಕಿಗೆ ಹಿಡಿದು, “ಸುಣ್ಣ ಬಳದಂಗ ಬೆಳ್ಳಗ ಆಗೇತಿ ನೋಡ್ರಿ. ಗಾಡಿಗೆ ಜೋರು ಕೊಟ್ಟಾರ, ತಂಪು ಕೊಟ್ಟಿಲ್ಲ” ಎಂದರು. ಆ ಮಾತಿನಲ್ಲಿ ಉಷ್ಣಶಾಸ್ತ್ರದ ಒಂದು ಅಧ್ಯಾಯವೇ ಅಡಗಿದೆ. ಅದನ್ನು ಬಿಡಿಸಿ ಹೇಳಿ, ಹಳೆಯ ಎಂಜಿನುಗಳಿಗೆ ಬಲ ತುಂಬಿಸುವ ಇಂದಿನ ಹವ್ಯಾಸದ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಗಾಳಿಯಿಂದ ತಣಿಯುವ ಎಂಜಿನುಗಳು ಒಂದು ಕಾಲಕ್ಕೆ ರಸ್ತೆಗಳನ್ನು ಆಳಿದವು. ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರು ಎರಡು ಕೋಟಿ ಹದಿನೈದು ಲಕ್ಷಕ್ಕೂ ಹೆಚ್ಚಿನ ಸಂಖ್ಯೆಯಲ್ಲಿ ತಯಾರಾಗಿ, ಕೊನೆಯದು ೨೦೦೩ರಲ್ಲಿ ಮೆಕ್ಸಿಕೋ ದೇಶದಿಂದ ಹೊರಬಂದಿತು. ಫ್ರಾನ್ಸಿನ ಸಿಟ್ರೊಯೆನ್ ೨ ಸಿ.ವಿ., ಇಟಲಿಯ ಫಿಯಟ್ ೫೦೦, ಇವೂ ನೀರನ್ನು ಬೇಡದ ಕಾರುಗಳೇ. ನಮ್ಮ ನಾಡಿನಲ್ಲಿ ಈ ಜಾತಿಯ ಎಂಜಿನು ಮನೆಮಾತಾದುದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ. ೧೯೬೦ರ ದಶಕದ ಆರಂಭದಲ್ಲಿ ಯಾದವಗಿರಿಯಲ್ಲಿ ಮೊದಲಾದ ಆ ಕಾರ್ಖಾನೆ, ಚೆಕ್ ದೇಶದ ನಮೂನೆಯ ಜಾವಾ ಗಾಡಿಗಳನ್ನೂ ಬಳಿಕ ಯೆಜ್ಡಿ ಎಂಬ ಹೆಸರಿನವನ್ನೂ ತಯಾರಿಸಿ, ೧೯೯೬ರಲ್ಲಿ ಮುಚ್ಚಿತು. ೧೯೭೦ರ ದಶಕದಲ್ಲಿ ಬೆಂಗಳೂರಿನಲ್ಲಿ ತಯಾರಾದ ಬಾದಲ್ ಎಂಬ ಮೂರು ಚಕ್ರದ ಕಾರಿನ ಹಿಂಭಾಗದಲ್ಲಿದ್ದುದೂ ೧೯೮ ಘನ ಸೆಂಟಿಮೀಟರಿನ ಇಂಥದೇ ಪುಟ್ಟ ಎಂಜಿನು. ಈಗ ಜಾವಾ, ಯೆಜ್ಡಿ ಹೆಸರುಗಳು ಮರುಹುಟ್ಟು ಪಡೆದಿವೆಯಾದರೂ ಹೊಸ ಗಾಡಿಗಳ ಎಂಜಿನನ್ನು ತಣಿಸುವುದು ದ್ರವ. ಆದುದರಿಂದ ಹಳೆಯವುಗಳ ಮೇಲೆ ಜನರ ಮೋಹ ಇನ್ನಷ್ಟು ಬೆಳೆದಿದೆ. ಮೋಹವಿದ್ದಲ್ಲಿ ಶೃಂಗಾರದ ಆಸೆಯೂ, ಬಲದ ಆಸೆಯೂ ಹುಟ್ಟುವುದು ಸಹಜವಷ್ಟೆ.

ಈಗ ಮಿಸ್ತ್ರಿಯವರ ಮಾತಿಗೆ ಬರೋಣ. ಒಂದು ಲೀಟರು ಪೆಟ್ರೋಲು ಉರಿದರೆ ಸುಮಾರು ೩೨ ದಶಲಕ್ಷ ಜೂಲ್‌ಗಳಷ್ಟು ಶಕ್ತಿ ಬಿಡುಗಡೆಯಾಗುತ್ತದೆ. ಹಳೆಯ ಕಾಲದ ಎಂಜಿನಿನಲ್ಲಿ ಚಕ್ರವನ್ನು ತಿರುಗಿಸಲು ಒದಗುವುದು ಅದರ ಕಾಲುಭಾಗ ಮಾತ್ರ. ಉಳಿದುದರಲ್ಲಿ ದೊಡ್ಡ ಪಾಲು ಹೊಗೆಯೊಂದಿಗೆ ಹೊರಹೋಗುತ್ತದೆ. ಮತ್ತೊಂದು ಪಾಲು ಸಿಲಿಂಡರಿನ ಗೋಡೆಯ ಮೂಲಕ ಹೊರಬೀಳಬೇಕು. ಈ ಎರಡನೆಯ ಪಾಲನ್ನು ಹೊತ್ತೊಯ್ಯಲು ನೀರಿದ್ದರೆ ಕೆಲಸ ಸುಲಭ. ಒಂದು ಲೀಟರು ನೀರು ಒಂದು ಡಿಗ್ರಿ ಬಿಸಿಯಾಗಲು ಎಷ್ಟು ಉಷ್ಣವನ್ನು ಹೀರುವುದೋ, ಅಷ್ಟನ್ನು ಹೀರಲು ಸುಮಾರು ಮೂರೂವರೆ ಸಾವಿರ ಲೀಟರು ಗಾಳಿ ಬೇಕು. ಗಾಳಿಯು ಬಡ ಕೂಲಿಕಾರ. ಒಮ್ಮೆಗೆ ಹೊರುವ ಹೊರೆ ಚಿಕ್ಕದು. ಆದಕಾರಣವೇ ಸಿಲಿಂಡರಿನ ಮೈಗೆ ರೆಕ್ಕೆಗಳನ್ನು ಕಟ್ಟಿ ಅದರ ಮೇಲ್ಮೈಯನ್ನು ಹಿಗ್ಗಿಸಿರುತ್ತಾರೆ.

ಒಂದು ಚಿಕ್ಕ ಲೆಕ್ಕವನ್ನು ನೋಡೋಣ. ೧೯೫೪ರ ಬೀಟಲ್ ಕಾರಿನ ೧೧೯೨ ಘನ ಸೆಂಟಿಮೀಟರಿನ ಎಂಜಿನು ೩೦ ಅಶ್ವಸಾಮರ್ಥ್ಯದ್ದು, ಎಂದರೆ ಸುಮಾರು ೨೨ ಕಿಲೋವಾಟು. ಸರಳತೆಗಾಗಿ ಅಷ್ಟೇ ಉಷ್ಣವು ರೆಕ್ಕೆಗಳ ಮೂಲಕ ಹೋಗಬೇಕೆಂದು ಇಟ್ಟುಕೊಳ್ಳೋಣ. ಹಾಯ್ದುಹೋಗುವ ಗಾಳಿಯು ೬೦ ಡಿಗ್ರಿಯಷ್ಟು ಬಿಸಿಯೇರುವುದಾದರೆ ಪ್ರತಿ ಸೆಕೆಂಡಿಗೆ ಸುಮಾರು ೩೦೦ ಲೀಟರು ಗಾಳಿ ಬೇಕಾಗುತ್ತದೆ. ಈಗ ಒಬ್ಬನು ಅದೇ ಎಂಜಿನಿನಿಂದ ೬೦ ಅಶ್ವಸಾಮರ್ಥ್ಯ ತೆಗೆಯಬಯಸಿದರೆ ಗಾಳಿಯೂ ಇಮ್ಮಡಿಯಾಗಬೇಕು. ಇಲ್ಲವೆ ಗಾಳಿ ಇಮ್ಮಡಿ ಬಿಸಿಯೇರಬೇಕು, ಅದರೊಡನೆ ಲೋಹವೂ ಕಾಯಬೇಕು. ಪಂಖದ ವೇಗವನ್ನೇ ಇಮ್ಮಡಿಸುವೆನೆನ್ನುವವನು ಇನ್ನೊಂದು ನಿಯಮವನ್ನು ಎದುರಿಸಬೇಕಾಗುತ್ತದೆ. ಪಂಖವನ್ನು ತಿರುಗಿಸಲು ಬೇಕಾಗುವ ಸಾಮರ್ಥ್ಯವು ಅದರ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಇಮ್ಮಡಿ ಗಾಳಿಗೆ ಎಂಟುಮಡಿ ಬಲ ತೆರಬೇಕು. ಪ್ರಕೃತಿ ಯಾರಿಗೂ ಸಾಲ ಕೊಡುವುದಿಲ್ಲ. ಕೊಟ್ಟರೂ ಬಡ್ಡಿ ಹೆಚ್ಚು.

ಇಷ್ಟು ಹೇಳಿದುದರಿಂದ, ಗಾಳಿಯಿಂದ ತಣಿಯುವ ಎಂಜಿನಿಗೆ ಬಲ ಕೊಡುವುದೇ ಅಸಾಧ್ಯವೆಂದು ವಾಚಕರು ತಿಳಿಯಬಾರದು. ಪೋರ್ಷೆ ೯೧೭ ಎಂಬ ಪಂದ್ಯದ ಕಾರಿನ ಹನ್ನೆರಡು ಸಿಲಿಂಡರಿನ ಎಂಜಿನು ಗಾಳಿಯಿಂದಲೇ ತಣಿಯುತ್ತಿತ್ತು. ೧೯೭೦ರಲ್ಲಿಯೂ ೧೯೭೧ರಲ್ಲಿಯೂ ಅದು ಫ್ರಾನ್ಸಿನ ಲ ಮಾನ್ ಪಂದ್ಯದಲ್ಲಿ ಇಪ್ಪತ್ತನಾಲ್ಕು ಗಂಟೆ ಓಡಿ ಗೆದ್ದಿತು. ಆದರೆ ಆ ಎಂಜಿನಿನ ನೆತ್ತಿಯ ಮೇಲೆ ಮಲಗಿದ್ದ ದೊಡ್ಡ ಪಂಖವನ್ನು ಚಿತ್ರದಲ್ಲಿ ಕಂಡವರಿಗೆ, ಅದನ್ನು ಕಟ್ಟಿದವರು ಬಲದೊಡನೆಯೇ ತಂಪಿನ ಲೆಕ್ಕವನ್ನೂ ಬರೆದಿದ್ದರೆಂಬುದು ತಿಳಿಯುತ್ತದೆ. ನಮ್ಮಲ್ಲಿಯೂ ಇಂಥ ಎಚ್ಚರಕ್ಕೆ ಉದಾಹರಣೆಯುಂಟು. ಡಾ. ವಿ. ಎಂ. ಘಾಟಗೆಯವರ ಮುಂದಾಳುತನದಲ್ಲಿ ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ರಚಿತವಾಗಿ ೧೯೫೧ರಲ್ಲಿ ಹಾರಿದ ಎಚ್.ಟಿ.-೨ ತರಬೇತಿ ವಿಮಾನದ ನಾಲ್ಕು ಸಿಲಿಂಡರುಗಳು ಒಂದರ ಹಿಂದೊಂದು ಸಾಲಾಗಿ ನಿಂತಿದ್ದವು. ಮುಂದಿನಿಂದ ಬರುವ ಗಾಳಿ ಮೊದಲನೆಯದನ್ನು ತಣಿಸಿ ಕೊನೆಯದನ್ನು ಮರೆಯದಿರಬೇಕಾದರೆ ಅದಕ್ಕೆ ದಾರಿ ತೋರಿಸಬೇಕು. ಇಂಥ ವಿಮಾನದ ಎಂಜಿನುಗಳಲ್ಲಿ ಆ ಕೆಲಸವನ್ನು ತೆಳುವಾದ ತಗಡುಗಳು ಮಾಡುತ್ತವೆ.

ಈ ತಗಡುಗಳ ಮಹತ್ವವನ್ನು ಅರಿಯದವರೇ ಹೆಚ್ಚು. ಹಳೆಯ ಬೀಟಲ್ ಎಂಜಿನನ್ನು ಕಟ್ಟುವ ಕೆಲವರು, ಹೊಳೆಯುವ ಭಾಗಗಳು ಕಾಣಲೆಂದು ಸಿಲಿಂಡರುಗಳ ಸುತ್ತಲಿನ ತಗಡುಗಳನ್ನು ಕಿತ್ತೆಸೆಯುತ್ತಾರೆ. ತೆರೆದಷ್ಟೂ ಗಾಳಿ ಹೆಚ್ಚು ಬರುವುದೆಂಬುದು ಅವರ ಎಣಿಕೆ. ನಿಜಸ್ಥಿತಿ ತಲೆಕೆಳಗು. ತಗಡಿಲ್ಲದಿದ್ದರೆ ಪಂಖದ ಗಾಳಿ ಸುಲಭದ ದಾರಿ ಹಿಡಿದು ಹೊರಟುಹೋಗುತ್ತದೆ. ರೆಕ್ಕೆಗಳ ಬುಡವನ್ನು ಮುಟ್ಟುವುದಿಲ್ಲ. ಅಷ್ಟೇ ಅಲ್ಲದೆ, ಕೆಳಗಿನ ಬಿಸಿಗಾಳಿ ಮತ್ತೆ ಮೇಲೇರಿ ಪಂಖದ ಬಾಯಿಗೆ ಬೀಳುತ್ತದೆ. ಗದ್ದೆಗೆ ನೀರು ಹಾಯಿಸುವ ರೈತನು ಕಾಲುವೆಯ ಒಡ್ಡನ್ನು ಒಡೆದು, ನೀರು ಹೆಚ್ಚು ಬರಲೆಂದು ಕಾಯುವನೆ?

ಬೀಟಲ್ ಕಾರಿನ ಮೂರನೆಯ ಸಿಲಿಂಡರಿನ ಕಥೆ ಇನ್ನೂ ಬೋಧಪ್ರದವಾದುದು. ಎಣ್ಣೆಯನ್ನು ತಣಿಸುವ ಕೂಲರನ್ನು ಮೊದಲು ಪಂಖದ ಗೂಡಿನೊಳಗೇ ಇರಿಸಿದ್ದರು. ಅದು ಮೂರನೆಯ ಸಿಲಿಂಡರಿಗೆ ಹೋಗುವ ಗಾಳಿಗೆ ಅಡ್ಡವಾಗಿ, ಆ ಸಿಲಿಂಡರು ಉಳಿದವಕ್ಕಿಂತ ಹೆಚ್ಚು ಕಾಯುತ್ತಿತ್ತು. ಅದರ ಕವಾಟಗಳು ಬೇಗ ಕೆಡುತ್ತಿದ್ದವು. ಕಾರ್ಖಾನೆಯವರು ಬಹಳ ಕಾಲ ಮಾಡಿದ ಉಪಾಯವೆಂದರೆ ಆ ಒಂದು ಸಿಲಿಂಡರಿನ ಕಿಡಿಯನ್ನು ಕೆಲವು ಡಿಗ್ರಿ ತಡವಾಗಿ ಹಾರಿಸುವುದು. ೧೯೭೧ರ ನಮೂನೆಯಿಂದ ಕೂಲರನ್ನು ಗೂಡಿನ ಹೊರಗೆ ಪ್ರತ್ಯೇಕ ಗಾಳಿದಾರಿಯಲ್ಲಿ ಇರಿಸಿ ತೊಂದರೆಯನ್ನು ಬಹುಮಟ್ಟಿಗೆ ನೀಗಿದರು. ಈ ಸಂಗತಿಯನ್ನು ಅರಿಯದೆ ಹಳೆಯ ಎಂಜಿನಿಗೆ ಬೇರೊಂದು ಡಿಸ್ಟ್ರಿಬ್ಯೂಟರನ್ನು ಜೋಡಿಸಿ ನಾಲ್ಕಕ್ಕೂ ಒಂದೇ ಕಾಲವನ್ನು ಕೊಡುವವನು, ತಾನು ಸುಧಾರಣೆ ಮಾಡಿದೆನೆಂದು ತಿಳಿದು ಮೂರನೆಯ ಸಿಲಿಂಡರಿಗೆ ಅಪಾಯವನ್ನು ತಂದಿರುತ್ತಾನೆ.

ಹಾಗಾದರೆ ಬಲವು ಎಲ್ಲಿಂದ ಬರಬೇಕು? ಎಂಜಿನಿನ ಸಾಮರ್ಥ್ಯವು ಮೂರು ಸಂಖ್ಯೆಗಳ ಗುಣಲಬ್ಧವನ್ನು ಅವಲಂಬಿಸಿದೆ: ಪಿಸ್ಟನ್ನಿನ ಮೇಲಿನ ಸರಾಸರಿ ಒತ್ತಡ, ಸಿಲಿಂಡರುಗಳ ಗಾತ್ರ, ನಿಮಿಷಕ್ಕೆ ಸುತ್ತುಗಳು. ಒಂದೊಂದನ್ನೇ ಪರೀಕ್ಷಿಸೋಣ.

ಗಾತ್ರ ಹೆಚ್ಚಿಸುವುದು ಮೊದಲನೆಯ ದಾರಿ. ಬೀಟಲ್ ಜಾತಿಯ ೧೫೮೪ ಘನ ಸೆಂಟಿಮೀಟರಿನ ಎಂಜಿನಿನ ಸಿಲಿಂಡರಿನ ವ್ಯಾಸ ೮೫.೫ ಮಿಲಿಮೀಟರು. ಅದನ್ನು ತೆಗೆದು ೯೦.೫ ಮಿಲಿಮೀಟರಿನವನ್ನು ಕೂರಿಸಿದರೆ ಗಾತ್ರವು ಸುಮಾರು ೧೭೭೬ಕ್ಕೆ ಏರುತ್ತದೆ. ನೂರಕ್ಕೆ ಹನ್ನೆರಡರಷ್ಟು ಲಾಭ. ಆದರೆ ಜಾವಾ ಅಥವಾ ಯೆಜ್ಡಿಯ ಮಾತು ಬೇರೆ. ಅದರ ವ್ಯಾಸ ೬೫, ಪಿಸ್ಟನ್ನಿನ ನಡೆ ೭೫ ಮಿಲಿಮೀಟರು. ಬೋರು ಹೊಡೆಸಿ ವ್ಯಾಸವನ್ನು ೬೬ಕ್ಕೆ ಏರಿಸಿದರೂ ದೊರೆಯುವುದು ನೂರಕ್ಕೆ ಮೂರು ಮಾತ್ರ. ಬಲಕ್ಕಾಗಿ ಬೋರು ಹೊಡೆಸುವೆನೆನ್ನುವವನು ಮೂರು ಕಾಸಿಗಾಗಿ ಗೋಡೆಯನ್ನು ಕೆತ್ತುವವನಂತೆ.

ಎರಡನೆಯದು ಒತ್ತಡ. ಸಂಪೀಡನದ ಪ್ರಮಾಣವನ್ನು ಹೆಚ್ಚಿಸಿದರೆ ದಕ್ಷತೆ ಏರುವುದೆಂಬುದನ್ನು ಕಾಲೇಜಿನ ವಿದ್ಯಾರ್ಥಿಗಳು ಬಲ್ಲರು. ಆದರ್ಶ ಯಂತ್ರಕ್ಕೆ ಸೂತ್ರವನ್ನು ಹಾಕಿ ನೋಡಿದರೆ, ಪ್ರಮಾಣ ೬ ಇದ್ದಾಗ ದಕ್ಷತೆ ನೂರಕ್ಕೆ ೫೧, ೭ಕ್ಕೆ ೫೪, ೮ಕ್ಕೆ ೫೬.೫; ೯ಕ್ಕೆ ೫೮.೫. ಪ್ರತಿ ಮೆಟ್ಟಿಲಿನಲ್ಲಿಯೂ ಲಾಭ ಕಿರಿದಾಗುತ್ತ ಹೋಗುವುದನ್ನು ಗಮನಿಸಬೇಕು. ಅಪಾಯವು ಮಾತ್ರ ಕಿರಿದಾಗುವುದಿಲ್ಲ. ಕಾದ ಸಿಲಿಂಡರಿನಲ್ಲಿ ಒತ್ತಡ ಮಿತಿಮೀರಿದರೆ, ಜ್ವಾಲೆ ತಲುಪುವ ಮೊದಲೇ ಮೂಲೆಯ ಮಿಶ್ರಣ ತಾನಾಗಿ ಸಿಡಿಯುತ್ತದೆ. ಆಗ ಕೇಳಿಬರುವ ಟಕಟಕ ಸಪ್ಪಳ ಪಿಸ್ಟನ್ನಿನ ತಲೆಗೆ ಬೀಳುವ ಪೆಟ್ಟಿನದು. ಕಿಡಿಯನ್ನು ಹಿಂದುಮುಂದು ನೋಡದೆ ಬೇಗ ಹಾರಿಸಿದರೂ ಇದೇ ಫಲ.

ಮೂರನೆಯದು ಸುತ್ತುಗಳ ಸಂಖ್ಯೆ. ಇಲ್ಲಿಯೂ ವರ್ಗದ ನಿಯಮ ಕಾದು ಕುಳಿತಿದೆ. ನಿಮಿಷಕ್ಕೆ ೪೦೦೦ ಸುತ್ತುಗಳಿಂದ ೫೫೦೦ಕ್ಕೆ ಏರಿಸಿದರೆ ಸುತ್ತುಗಳು ಒಂದೂಕಾಲು ಪಟ್ಟಿಗಿಂತ ತುಸು ಹೆಚ್ಚಾದವು, ಅಷ್ಟೆ. ಆದರೆ ಪಿಸ್ಟನ್ನನ್ನು ಹಿಡಿದು ನಿಲ್ಲಿಸಿ ಮರಳಿಸುವ ಬಲವು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಅರ್ಧ ಶತಮಾನ ದುಡಿದ ಕನೆಕ್ಟಿಂಗ್ ರಾಡು ಅದನ್ನು ತಾಳುವುದೆಂದು ಯಾರು ಆಣೆಯಿಡಬಲ್ಲರು?

ಉಳಿದುದು ಎಂಜಿನಿನ ಉಸಿರಾಟ. ಜಾಣನು ಮೊದಲು ಕೈಹಚ್ಚುವುದು ಇಲ್ಲಿಗೆ. ೧೯೫೦ರ ದಶಕದಲ್ಲಿಯೇ ಜರ್ಮನಿಯ ಓಕ್ರಾಸಾ ಸಂಸ್ಥೆಯು ಬೀಟಲ್ ಕಾರಿಗೆಂದು ಎರಡು ಕಾರ್ಬುರೇಟರುಗಳ ಜೋಡಣೆಯನ್ನು ಮಾರುತ್ತಿತ್ತು. ಉದ್ದನೆಯ ಕೊಳವೆಯಲ್ಲಿ ದೂರದಿಂದ ಎಳೆದುಕೊಳ್ಳುತ್ತಿದ್ದ ಮಿಶ್ರಣವು ಹತ್ತಿರದಲ್ಲಿಯೇ ದೊರೆತುದರಿಂದ ಎಂಜಿನು ತುಂಬಿ ಉಸಿರಾಡಿತು. ಆದರೆ ಟೂ-ಸ್ಟ್ರೋಕ್ ಎಂಜಿನಿನಲ್ಲಿ ಉಸಿರಾಟದ ರಹಸ್ಯವು ಬಹುಪಾಲು ಸೈಲೆನ್ಸರಿನಲ್ಲಿದೆ. ಅದು ಬರಿಯ ಸದ್ದಡಗಿಸುವ ಡಬ್ಬವಲ್ಲ. ಹೊಗೆಯ ದ್ವಾರ ತೆರೆದೊಡನೆ ಒತ್ತಡದ ಅಲೆಯೊಂದು ಕೊಳವೆಯಲ್ಲಿ ಓಡುತ್ತದೆ. ತುದಿಯಲ್ಲಿ ಪ್ರತಿಫಲಿಸಿ ಹಿಂದಿರುಗುತ್ತದೆ. ಕಾದ ಹೊಗೆಯಲ್ಲಿ ಶಬ್ದದ ವೇಗವನ್ನು ಸೆಕೆಂಡಿಗೆ ೫೦೦ ಮೀಟರು ಎನ್ನೋಣ. ನಿಮಿಷಕ್ಕೆ ೫೦೦೦ ಸುತ್ತುಗಳಲ್ಲಿ ದ್ವಾರವು ತೆರೆದಿರುವ ಕಾಲ ಸುಮಾರು ಸೆಕೆಂಡಿನ ಇನ್ನೂರನೆಯ ಒಂದು ಭಾಗ. ಅಷ್ಟರಲ್ಲಿ ಅಲೆ ಕ್ರಮಿಸುವುದು ಎರಡೂವರೆ ಮೀಟರು. ಎಂದರೆ ಒಂದು ಮೀಟರಿಗೆ ತುಸು ಮಿಕ್ಕಿದ ಕೊಳವೆಯ ಕೊನೆಗೆ ಹೋಗಿ ಬರುವಷ್ಟು. ಸರಿಯಾದ ಗಳಿಗೆಗೆ ಹಿಂದಿರುಗಿದ ಅಲೆಯು, ಹೊರಹೋಗಲೆತ್ನಿಸುವ ಹೊಸ ಮಿಶ್ರಣವನ್ನು ಮತ್ತೆ ಸಿಲಿಂಡರಿನೊಳಕ್ಕೆ ನೂಕುತ್ತದೆ. ೧೯೫೦ರ ದಶಕದಲ್ಲಿ ಪೂರ್ವ ಜರ್ಮನಿಯ ಎಂ.ಜೆಡ್. ಕಾರ್ಖಾನೆಯ ವಾಲ್ಟರ್ ಕಾಡೆನ್ ಎಂಬ ಎಂಜಿನಿಯರನು ಈ ತತ್ತ್ವವನ್ನೇ ಪಳಗಿಸಿ, ಪುಟ್ಟ ಎಂಜಿನುಗಳಿಂದ ಅಚ್ಚರಿಯ ಬಲವನ್ನು ತೆಗೆದನು. ನಮ್ಮ ಹುಡುಗನು ಕೊಯ್ಯಿಸಿದುದು ಇಂಥ ಲೆಕ್ಕದ ಕೊಳವೆಯನ್ನು. ಸದ್ದು ಹೆಚ್ಚಿತು, ಸದ್ದನ್ನೇ ಅವನು ಬಲವೆಂದು ತಿಳಿದನು.

ಇನ್ನು ಮಿಶ್ರಣದ ವಿಷಯ. ಪೆಟ್ರೋಲು ಕಡಿಮೆಯಾಗಿ ಗಾಳಿ ಹೆಚ್ಚಾದ ಮಿಶ್ರಣವನ್ನು ಮಿಸ್ತ್ರಿಗಳು ‘ಲೀನ್’ ಎನ್ನುತ್ತಾರೆ. ಟೂ-ಸ್ಟ್ರೋಕ್ ಗಾಡಿಗಳಲ್ಲಿ ಎಣ್ಣೆಯು ಪೆಟ್ರೋಲಿನೊಡನೆಯೇ ಬರುವುದರಿಂದ, ಪೆಟ್ರೋಲು ಕಡಿಮೆಯಾದರೆ ಎಣ್ಣೆಯೂ ಕಡಿಮೆ. ಫಿಲ್ಟರು ಕಿತ್ತುದರಿಂದ ಗಾಳಿ ಹೆಚ್ಚಿತು. ಜೆಟ್ಟು ಮಾತ್ರ ಹಳೆಯದೇ ಉಳಿಯಿತು. ಅದರ ಮೇಲೆ ಘಟ್ಟದ ಪ್ರಭಾವ. ನಮ್ಮ ಸೀಮೆಯು ಸಮುದ್ರಮಟ್ಟಕ್ಕಿಂತ ಐದಾರು ನೂರು ಮೀಟರು ಎತ್ತರದಲ್ಲಿದೆ. ಕರಾವಳಿಗೆ ಇಳಿದಾಗ ಗಾಳಿಯ ಸಾಂದ್ರತೆ ನೂರಕ್ಕೆ ಐದಾರರಷ್ಟು ಹೆಚ್ಚುತ್ತದೆ. ಕಾರ್ಬುರೇಟರು ಎಳೆದುಕೊಡುವ ಪೆಟ್ರೋಲು ಸಾಂದ್ರತೆಯ ವರ್ಗಮೂಲಕ್ಕೆ ಅನುಗುಣವಾಗಿ ಮಾತ್ರ ಏರುವುದರಿಂದ, ಮಿಶ್ರಣವು ನೂರಕ್ಕೆ ಮೂರರಷ್ಟು ಲೀನ್ ಆಗುತ್ತದೆ. ಬೆಂಗಳೂರಿನಲ್ಲಿ ಹದಗೊಳಿಸಿದ ಗಾಡಿಯನ್ನು ಕಾರವಾರಕ್ಕೆ ತಂದರೆ ಇದು ಐದರಷ್ಟಾದೀತು.

ಇಂದಿನ ಪೆಟ್ರೋಲಿನಿಂದ ಇನ್ನೊಂದು ಸಂಗತಿ ಸೇರಿಕೊಂಡಿದೆ. ನಮ್ಮ ದೇಶದಲ್ಲಿ ಪೆಟ್ರೋಲಿಗೆ ನೂರಕ್ಕೆ ಇಪ್ಪತ್ತರಷ್ಟು ಎಥನಾಲ್ ಬೆರೆಸುವ ಗುರಿಯನ್ನು ೨೦೨೫ರಲ್ಲಿ ತಲುಪಲಾಯಿತು. ಕಬ್ಬಿನ ಸೀಮೆಯಾದ ಹಳಿಯಾಳದವರಿಗೆ ಎಥನಾಲ್ ಹೊಸದಲ್ಲ. ಅದರ ಅಣುವಿನಲ್ಲಿಯೇ ಆಮ್ಲಜನಕವಿರುವುದರಿಂದ ಅದು ಉರಿಯಲು ಕಡಿಮೆ ಗಾಳಿ ಸಾಕು. ಒಂದು ಭಾಗ ಪೆಟ್ರೋಲಿಗೆ ತೂಕದಲ್ಲಿ ೧೪.೭ ಭಾಗ ಗಾಳಿ ಬೇಕಾದರೆ, ಈ ಬೆರಕೆಗೆ ಸುಮಾರು ೧೩.೫ ಭಾಗ ಸಾಕು. ಶುದ್ಧ ಪೆಟ್ರೋಲಿಗಾಗಿ ಕೊರೆದ ಹಳೆಯ ಜೆಟ್ಟಿನಲ್ಲಿ ಬೆರಕೆಯು ಹರಿದಾಗ ಮಿಶ್ರಣವು ನೂರಕ್ಕೆ ಎಂಟರಷ್ಟು ಲೀನ್ ಆದಂತೆಯೇ. ಹೊಸ ವಾಹನಗಳಲ್ಲಿ ಹೊಗೆಯಲ್ಲಿನ ಆಮ್ಲಜನಕವನ್ನು ಅಳೆದು ಇಂಧನವನ್ನು ತಿದ್ದುವ ಉಪಕರಣವುಂಟು. ಹಳೆಯ ಕಾರ್ಬುರೇಟರಿಗೆ ಆ ಬುದ್ಧಿಯಿಲ್ಲ. ನ್ಯಾಯವಾಗಿ ಹೇಳುವುದಾದರೆ, ಎಥನಾಲಿಗೆ ಸಿಡಿತವನ್ನು ತಡೆಯುವ ಗುಣವೂ, ಆವಿಯಾಗುವಾಗ ಹೆಚ್ಚು ಉಷ್ಣವನ್ನು ಹೀರುವ ಗುಣವೂ ಇವೆ. ತಕ್ಕ ಜೆಟ್ಟನ್ನು ಹಾಕಿದವನಿಗೆ ಅದು ಮಿತ್ರ. ಹಾಕದವನಿಗೆ ಗುಪ್ತ ಶತ್ರು.

ಈಗ ಅರಬೈಲು ಘಟ್ಟದ ಪ್ರಸಂಗವು ವಾಚಕರಿಗೆ ತಾನಾಗಿಯೇ ಸ್ಪಷ್ಟವಾಗಿರಬೇಕು. ಫಿಲ್ಟರಿಲ್ಲದುದರಿಂದ ಲೀನ್, ಬೆರಕೆಯಿಂದ ಇನ್ನಷ್ಟು, ಕರಾವಳಿಯ ಗಾಳಿಯಿಂದ ಮತ್ತಷ್ಟು, ಬೇಗ ಹಾರುವ ಕಿಡಿಯಿಂದ ಹೆಚ್ಚಿದ ಕಾವು. ಯೆಜ್ಡಿಗೆ ಪಂಖವಿಲ್ಲ, ಓಟದ ಗಾಳಿಯೇ ಅದರ ತಂಪು. ಗಾಳಿಯ ವೇಗ ಅರ್ಧವಾದರೆ ರೆಕ್ಕೆಗಳಿಂದ ಹೊರಹೋಗುವ ಉಷ್ಣವು ಸುಮಾರು ಮೂರರಲ್ಲಿ ಎರಡು ಪಾಲಿಗೆ ಇಳಿಯುತ್ತದೆ. ಏರಿನಲ್ಲಿ ದುಡಿಮೆ ಹೆಚ್ಚು, ಓಟ ಕಡಿಮೆ. ಪಿಸ್ಟನ್ನು ಅಲ್ಯುಮಿನಿಯಮ್ಮಿನದು, ಸಿಲಿಂಡರು ಬೀಡುಕಬ್ಬಿಣದ್ದು. ಎರಡೂ ೫೦ ಡಿಗ್ರಿ ಹೆಚ್ಚಾಗಿ ಕಾದರೆ ೬೫ ಮಿಲಿಮೀಟರಿನ ಪಿಸ್ಟನ್ನು ೦.೦೭೫ ಮಿಲಿಮೀಟರು ಹಿಗ್ಗುತ್ತದೆ, ಸಿಲಿಂಡರು ೦.೦೩೬ ಮಾತ್ರ. ನಡುವಿನ ಸಂದು ಮಿಲಿಮೀಟರಿನ ನೂರರ ಕೆಲವೇ ಭಾಗಗಳಷ್ಟು ಇರುವಲ್ಲಿ ೦.೦೪ರಷ್ಟು ಮುಚ್ಚಿಹೋದರೆ, ಎಣ್ಣೆಯೂ ತೆಳುವಾಗಿರುವಾಗ, ಲೋಹವು ಲೋಹವನ್ನು ಹಿಡಿಯದೆ ಏನು ಮಾಡೀತು?

ಇದರಿಂದಾದ ನಷ್ಟವನ್ನು ಹಣದಲ್ಲಿ ಅಳೆಯುವವರಿದ್ದಾರೆ. ನಮ್ಮ ಕಳವಳ ಬೇರೆ. ಕೆರೆದುಹೋದ ಸಿಲಿಂಡರನ್ನು ಬೋರು ಹೊಡೆಸಿ ಒಂದು ಅಳತೆ ದೊಡ್ಡದಾದ ಪಿಸ್ಟನ್ನನ್ನು ಹಾಕಬೇಕು. ಹೀಗೆ ಎಷ್ಟು ಸಲ? ಗೋಡೆಯ ದಪ್ಪಕ್ಕೆ ಮಿತಿಯುಂಟು. ಅದನ್ನು ಎರಕಹೊಯ್ದ ಕಾರ್ಖಾನೆ ೧೯೯೬ರಲ್ಲಿಯೇ ಮುಚ್ಚಿದೆ. ಒಂದು ಹಳೆಯ ಸಿಲಿಂಡರಿಗೆ ಇಂತಿಷ್ಟೇ ಜನ್ಮಗಳೆಂದು ಗೊತ್ತಾಗಿರುವಾಗ, ಒಂದು ಘಟ್ಟದ ಏರಿನಲ್ಲಿ ಒಂದು ಜನ್ಮವನ್ನು ಸುಟ್ಟುಬಿಡುವುದು ಸಣ್ಣ ಮಾತಲ್ಲ. ತಂದೆ ಮೂವತ್ತು ವರ್ಷ ಕಾಪಾಡಿದುದನ್ನು ಮಗ ಮೂರು ವಾರಗಳಲ್ಲಿ ಕಳೆದನು.

ಇದನ್ನೇ ಹಿಡಿದು, ಹಳೆಯ ಯಂತ್ರಗಳನ್ನು ಮುಟ್ಟಲೇಬಾರದೆನ್ನುವ ಒಂದು ಪಕ್ಷವುಂಟು. ಪ್ರತಿಯೊಂದು ತಿರುಪೂ ಕಾರ್ಖಾನೆಯಿಂದ ಬಂದಂತೆಯೇ ಇರಬೇಕೆಂಬುದು ಅವರ ವಾದ. ಆ ಪಕ್ಷಕ್ಕೂ ನಾವು ಸೇರಲಾರೆವು. ಏಕೆಂದರೆ ಆ ಕಾರ್ಖಾನೆಗಳೇ ತಮ್ಮ ಎಂಜಿನುಗಳನ್ನು ತಿದ್ದುತ್ತ ಬಂದವು. ೬೫ಕ್ಕೆ ೭೫ರ ಅದೇ ಅಳತೆಯಲ್ಲಿ ಮೈಸೂರಿನ ಮೊದಲ ಜಾವಾ ಸುಮಾರು ೧೨ ಅಶ್ವಸಾಮರ್ಥ್ಯ ಕೊಟ್ಟರೆ, ೧೯೭೮ರಲ್ಲಿ ಬಂದ ರೋಡ್‌ಕಿಂಗ್ ೧೬ ಕೊಟ್ಟಿತು. ಮೂರನೆಯ ಒಂದರಷ್ಟು ಏರಿಕೆ. ಆದರೆ ಅದು ಒಂದು ಸಂಜೆ ಅರ ಹಿಡಿದು ಮಾಡಿದ ಕೆಲಸವಲ್ಲ. ೧೯೬೫ರ ಬೀಟಲ್ ಕಾರಿಗೆ ೧೯೭೧ರ ಎಣ್ಣೆ ಕೂಲರನ್ನು ಅಳವಡಿಸುವುದು ಅದರ ನಿರ್ಮಾಪಕರ ಬುದ್ಧಿಗೆ ಗೌರವ ತೋರಿದಂತೆಯೇ ಹೊರತು ಅಪಚಾರವಲ್ಲ.

ಕಾನೂನಿನ ಮಾತನ್ನೂ ಮರೆಯಲಾಗದು. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಕೊಟ್ಟ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. ೨೦೨೧ರಲ್ಲಿ ಕೇಂದ್ರ ಸರಕಾರವು ಐವತ್ತು ವರ್ಷ ಮೀರಿದ ವಾಹನಗಳಿಗಾಗಿ ಪ್ರತ್ಯೇಕ ನೋಂದಣಿಯ ನಿಯಮಗಳನ್ನು ತಂದಿತು. ಹೊಸ ನೋಂದಣಿಗೆ ಇಪ್ಪತ್ತು ಸಾವಿರ ರೂಪಾಯಿ ಶುಲ್ಕ. ಚೌಕಟ್ಟು, ಮೈ, ಎಂಜಿನು ಇವುಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದೆಂಬುದು ಕಟ್ಟಳೆ. ಈ ನಿಯಮದ ಉದ್ದೇಶವನ್ನು ನಾವು ಮೆಚ್ಚುತ್ತೇವೆ. ಆದರೆ ‘ಗಣನೀಯ’ವೆಂದರೆ ಎಷ್ಟೆಂಬುದನ್ನು ಬಿಡಿಸಿ ಹೇಳುವುದು ಒಳ್ಳೆಯದು. ಸಿಲಿಂಡರಿನ ಗಾತ್ರವನ್ನು ಹಿಗ್ಗಿಸಿದುದು ಗಣನೀಯವಾಗಲಿ. ಇಂದಿನ ಪೆಟ್ರೋಲಿಗೆ ತಕ್ಕ ಜೆಟ್ಟು, ತಂಪನ್ನು ಹೆಚ್ಚಿಸುವ ಕೂಲರು, ಕಿಡಿಯನ್ನು ಸ್ಥಿರಗೊಳಿಸುವ ಉಪಕರಣ, ಇವು ರಕ್ಷಣೆಯ ಕ್ರಮಗಳೆಂದು ಎಣಿಕೆಯಾಗಲಿ. ಮೊದಲನೆಯದು ಯಂತ್ರದ ಆಯುಸ್ಸನ್ನು ತಿನ್ನುತ್ತದೆ, ಎರಡನೆಯವು ಬೆಳೆಸುತ್ತವೆ. ಬರಿಯ ವೇಗವನ್ನು ಬಯಸುವವರಿಗೆ ಪಂದ್ಯದ ಮೈದಾನಗಳಿವೆ. ಘಟ್ಟದ ರಸ್ತೆ ಅದಕ್ಕೆ ತಕ್ಕ ಸ್ಥಳವಲ್ಲ.

ಹಾಗಾದರೆ ಚಿಗಳ್ಳಿಯ ತರುಣನಂಥವರು ಮಾಡಬೇಕಾದುದೇನು? ನಮ್ಮ ಸಲಹೆ ಹೀಗಿದೆ. ಬಲವನ್ನು ಹುಡುಕುವ ಮುನ್ನ, ಕಳೆದುಹೋದ ಬಲವನ್ನು ಮರಳಿ ಪಡೆಯಬೇಕು. ಸವೆದ ಉಂಗುರ, ಸೋರುವ ಸೀಲು, ಇಂಗಾಲ ಕಟ್ಟಿದ ದ್ವಾರ, ಮಣ್ಣು ತುಂಬಿದ ರೆಕ್ಕೆ, ಇವುಗಳನ್ನು ಸರಿಪಡಿಸಿದರೆ ಬಹಳ ಗಾಡಿಗಳು ಬೇರೆ ಮದ್ದನ್ನೇ ಬೇಡುವುದಿಲ್ಲ. ಎರಡನೆಯದಾಗಿ, ಅಳೆಯದೆ ಯಾವುದನ್ನೂ ಬದಲಿಸಬಾರದು. ಸ್ಪಾರ್ಕ್ ಪ್ಲಗ್ಗಿನ ಅಡಿಯಲ್ಲಿ ಉಷ್ಣಯುಗ್ಮವೊಂದನ್ನು ಇರಿಸಿ ಸಿಲಿಂಡರಿನ ತಲೆಯ ಉಷ್ಣತೆಯನ್ನು ನೋಡಬಹುದು. ಎರಡು ಲೋಹಗಳ ಬೆಸುಗೆಯಲ್ಲಿ ವಿದ್ಯುತ್ತು ಹುಟ್ಟುವ ಈ ಪ್ರಯೋಗವನ್ನು ಕಾಲೇಜಿನ ಪ್ರಯೋಗಶಾಲೆಯಲ್ಲಿ ಪ್ರತಿ ವರ್ಷವೂ ಮಾಡಿಸುತ್ತೇವಷ್ಟೆ. ಬಲವನ್ನು ಅಳೆಯಲು ಒಂದು ಏರು ರಸ್ತೆ, ಒಂದು ಗಡಿಯಾರ ಸಾಕು. ಗಾಡಿ ಮತ್ತು ಸವಾರನ ಭಾರ ೨೧೦ ಕಿಲೋಗ್ರಾಮಾಗಿದ್ದು, ೫೦ ಮೀಟರು ಎತ್ತರವನ್ನು ಒಂದು ನಿಮಿಷದಲ್ಲಿ ಏರಿದರೆ, ಏರಿಗೆಂದೇ ವ್ಯಯವಾದುದು ಸುಮಾರು ೧೭೦೦ ವಾಟು, ಎಂದರೆ ೨.೩ ಅಶ್ವಸಾಮರ್ಥ್ಯ. ಬದಲಾವಣೆಯ ಮೊದಲೂ ಬಳಿಕವೂ ಅದೇ ಏರಿನಲ್ಲಿ, ಅದೇ ಗೇರಿನಲ್ಲಿ ಹೀಗೆ ಅಳೆದು ಬರೆದಿಟ್ಟರೆ, ಸದ್ದು ಯಾವುದು ಬಲ ಯಾವುದು ಎಂಬುದು ತಿಳಿಯುತ್ತದೆ. ಮೂರನೆಯದಾಗಿ, ಒಂದು ಸಲಕ್ಕೆ ಒಂದೇ ಬದಲಾವಣೆ. ಅದೂ ಮರಳಿ ಮೊದಲಿನಂತೆ ಮಾಡಬಹುದಾದುದು. ಕಳಚಿದ ಹಳೆಯ ಭಾಗವನ್ನು ಗುಜರಿಗೆ ಹಾಕದೆ ಎಣ್ಣೆ ಸವರಿ ಕಟ್ಟಿಡಬೇಕು.

ಕೊನೆಯದಾಗಿ ನಮ್ಮ ವೃತ್ತಿಯವರಿಗೊಂದು ಮಾತು. ನಾವು ಕಪ್ಪುಹಲಗೆಯ ಮೇಲೆ ಆದರ್ಶ ಯಂತ್ರದ ಚಿತ್ರ ಬರೆದು ಅಂಕಗಳನ್ನು ಕೊಡುತ್ತೇವೆ. ಪ್ಲಗ್ಗಿನ ಬಣ್ಣವನ್ನು ನೋಡಿ ಮಿಶ್ರಣದ ಪ್ರಮಾಣವನ್ನು ಹೇಳಬಲ್ಲ ಮಿಸ್ತ್ರಿಯನ್ನು ಒಮ್ಮೆಯೂ ತರಗತಿಗೆ ಕರೆದಿಲ್ಲ. ಆ ಪೀಳಿಗೆ ಕಣ್ಮರೆಯಾಗುತ್ತಿದೆ. ಅವರ ಅರಿವು ಕನ್ನಡದಲ್ಲಿ ಬರೆದಿಟ್ಟುದಲ್ಲ, ಕೈಯಲ್ಲಿರುವುದು, ಕೈಯೊಡನೆಯೇ ಹೋಗುವುದು. ವಿದ್ಯುತ್ ವಾಹನಗಳ ಈ ಕಾಲದಲ್ಲಿ ಹಳೆಯ ಎಂಜಿನುಗಳಿಂದ ಏನು ಫಲವೆಂದು ಕೇಳುವವರಿಗೆ ನಮ್ಮ ಉತ್ತರವಿಷ್ಟೆ: ಉಷ್ಣವು ಎಲ್ಲಿ ಹುಟ್ಟಿ ಹೇಗೆ ಹೊರಹೋಗುವುದೆಂಬುದನ್ನು ಹೊರಗಿನಿಂದಲೇ ಕಾಣಿಸುವ ಯಂತ್ರ ಇದಕ್ಕಿಂತ ಬೇರೊಂದಿಲ್ಲ. ಬ್ಯಾಟರಿಯೂ ಕಾಯುತ್ತದೆ, ಅದನ್ನು ತಣಿಸುವವನೂ ಇದೇ ಲೆಕ್ಕವನ್ನು ಕಲಿಯಬೇಕು.

ಚಿಗಳ್ಳಿಯ ಯೆಜ್ಡಿ ಈಗ ಮತ್ತೆ ಓಡುತ್ತಿದೆ. ಹಳೆಯ ನಮೂನೆಯ ಸೈಲೆನ್ಸರನ್ನು ಹುಡುಕಿ ತಂದು ಜೋಡಿಸಿದ್ದಾರೆ. ಫಿಲ್ಟರು ತನ್ನ ಜಾಗಕ್ಕೆ ಮರಳಿದೆ. ಜೆಟ್ಟು ಒಂದು ಅಂಕ ದೊಡ್ಡದಾಗಿದೆ. ಹುಡುಗನು ಗಾಡಿಯ ಪೆಟ್ಟಿಗೆಯಲ್ಲಿ ಒಂದು ಚಿಕ್ಕ ಪುಸ್ತಕವನ್ನು ಇಟ್ಟುಕೊಂಡಿದ್ದಾನೆ. ಪ್ರತಿ ಬದಲಾವಣೆಯನ್ನೂ ದಿನಾಂಕ ಹಾಕಿ ಬರೆಯುತ್ತಾನೆ. ಮೊನ್ನೆ ಅರಬೈಲು ಘಟ್ಟವನ್ನು ನಿಲ್ಲದೆ ಏರಿದನಂತೆ. ಬಾಣದಂತೆ ಹೋಯಿತೆ ಎಂದು ಕೇಳಿದೆವು. “ಇಲ್ಲರಿ ಸರ, ಅಪ್ಪ ಹೊಡೀತಿದ್ದಂಗ ಹೋತು” ಎಂದನು.